ಹಳದಿ ಗೆರೆಯ ದಾರಿಗಳು

ಇಂಗ್ಲೆಂಡಿನಲ್ಲಿ ಸೈಕಲ್ ಹುಚ್ಚು ಹತ್ತಿದವರಿಗೆ ಇವತ್ತಲ್ಲ ನಾಳೆ ನಕ್ಷೆಯ ಹುಚ್ಚೂ ಹತ್ತುತ್ತದೆ. ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆ ಅಚ್ಚು ಹಾಕುವ ಗುಲಾಬಿ ರಟ್ಟಿನ ಲ್ಯಾಂಡ್‌ರೇಂಜರ್ ನಕ್ಷೆಗಳು ಅವು. ನೆಲದ ಮೇಲಿನ ಒಂದು ಕಿಲೋಮೀಟರ್ ಕಾಗದದ ಮೇಲೆ ಎರಡು ಸೆಂಟಿಮೀಟರ್. ಫ್ರೆಂಚರು ದಂಡೆತ್ತಿ ಬಂದಾರು ಎಂಬ ಭಯದಲ್ಲಿ 1791ರಲ್ಲಿ ಶುರುವಾದ ಈ ಅಳತೆಯ ಕೆಲಸ ಸೈನ್ಯಕ್ಕೆಂದು ಹುಟ್ಟಿದ್ದು. ಫ್ರೆಂಚರು ಬರಲಿಲ್ಲ, ನಕ್ಷೆ ಉಳಿಯಿತು. ಅದರಲ್ಲಿ ಮೋಟಾರ್‌ವೇ ನೀಲಿ, ದೊಡ್ಡ ರಸ್ತೆ ಹಸಿರು ಇಲ್ಲವೇ ಕೆಂಪು, ಅದಕ್ಕಿಂತ ಸಣ್ಣದು ಕಿತ್ತಳೆ. ಇವೆಲ್ಲದರ ಸಂದಿಯಲ್ಲಿ ಎಲ್ಲಿಂದಲೋ ಹುಟ್ಟಿ ಎಲ್ಲಿಗೋ ಹೊರಳುವ ಸಪೂರ ಹಳದಿ ಗೆರೆಗಳಿವೆ. ಹಾಗೆಂದರೆ ನಾಲ್ಕು ಮೀಟರಿಗಿಂತ ಕಿರಿದಾದ ಟಾರು ರಸ್ತೆ ಎಂದು ಲೆಕ್ಕ. ಸೈಕಲ್ ಸವಾರರ ಇಂಗ್ಲೆಂಡ್ ಇರುವುದು ಈ ಗೆರೆಗಳ ಮೇಲೆ.

ನನ್ನ ಹತ್ತಿರ ಮಡಿಕೆಗಳಲ್ಲೆಲ್ಲ ಹರಿದು ಟೇಪು ಅಂಟಿಸಿಕೊಂಡಿರುವುದು 156ನೇ ಹಾಳೆ: ಸಫಕ್ ಕೌಂಟಿಯ ಕರಾವಳಿ. ಲಂಡನ್ನಿಂದ ಈಶಾನ್ಯಕ್ಕೆ, ಉತ್ತರ ಸಮುದ್ರದ ಅಂಚಿಗೆ ಇರುವ ಸೀಮೆ. ಕಡಿದಾದ ಏರು ಇರುವಲ್ಲಿ ನಕ್ಷೆ ರಸ್ತೆಯ ಮೇಲೆ ಬಾಣದ ಗುರುತು ಹಾಕುತ್ತದೆ. ಏಳಡಿ ಹೋದರೆ ಒಂದಡಿ ಏರುವಂತಿದ್ದರೆ ಒಂದು ಬಾಣ, ಐದಡಿಗೆ ಒಂದಡಿಯನ್ನೂ ಮೀರಿದರೆ ಎರಡು. ಡೆವನ್ ಕಡೆಯ ಹಾಳೆಗಳಲ್ಲಿ ಈ ಬಾಣಗಳು ಇರುವೆ ಸಾಲಿನ ಹಾಗೆ ಹರಿದಾಡುತ್ತವೆ. ಸಫಕ್‌ನಲ್ಲಿ ಹುಡುಕಬೇಕು. ಇಡೀ ಕೌಂಟಿಯ ಅತಿ ಎತ್ತರದ ಜಾಗವೇ ಸುಮಾರು 128 ಮೀಟರ್. ಮಂಡಿನೋವಿನವರಿಗೂ ಮಧ್ಯವಯಸ್ಸಿನವರಿಗೂ ದೇವರು ಕೊಟ್ಟ ನಾಡು.

ಏರು ಇಲ್ಲವೆಂದು ಬೀಗುವಂತಿಲ್ಲ, ಗಾಳಿಯಿದೆ. ಇಲ್ಲಿ ಹೆಚ್ಚಿನ ದಿನ ಅದು ಬೀಸುವುದು ನೈಋತ್ಯದಿಂದ. ಬೆಳಿಗ್ಗೆ ಒಳನಾಡಿನಿಂದ ಕಡಲಿಗೆ ಹೊರಟವನ ಬೆನ್ನು ತಟ್ಟಿ ಕಳಿಸುವ ಗಾಳಿಯೇ ಸಂಜೆ ಮನೆ ಕಡೆ ತಿರುಗಿದಾಗ ಎದೆಗೆ ಕೈಕೊಟ್ಟು ನಿಲ್ಲಿಸುತ್ತದೆ. ಅದಕ್ಕೇ ಅನುಭವಸ್ಥರು ಹೋಗುವಾಗ ತುಳಿದುಕೊಂಡು ಹೋಗಿ, ಬರುವಾಗ ರೈಲು ಹತ್ತುತ್ತಾರೆ.

ದಾರಿ ಹೇಗಿರುತ್ತದೆ? ವುಡ್‌ಬ್ರಿಜ್ ಸ್ಟೇಷನ್ನಿನಲ್ಲಿ ಇಳಿದರೆ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಡೆಬನ್ ನದಿ. ಹಿಂದಿನವರು ಉಬ್ಬರದ ನೀರು ಕಟ್ಟಿಕೊಂಡು ಹಿಟ್ಟು ಬೀಸುತ್ತಿದ್ದ ಗಿರಣಿ ಇವತ್ತಿಗೂ ಅಲ್ಲಿದೆ. ಸೇತುವೆ ದಾಟಿ ಒಂದು ದಿಬ್ಬ ಏರಿದರೆ ಸಟನ್ ಹೂ. 1939ರಲ್ಲಿ ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನ ರಾಜನೊಬ್ಬನ ಹಡಗು ಸಮಾಧಿ ಮಣ್ಣಿನಿಂದ ಎದ್ದು ಬಂದದ್ದು ಇಲ್ಲೇ. ಅಲ್ಲಿಂದ ಮುಂದೆ ಹಳದಿ ಗೆರೆ. ಕಾರೊಂದು ಬಂದರೆ ಎರಡೂ ಕಡೆ ಒಂದೊಂದು ಮೊಳ ಉಳಿಯುವಷ್ಟು ಅಗಲ. ನಡುಮಧ್ಯದಲ್ಲಿ ಚಕ್ರ ತಾಗದ ಕಡೆ ಟಾರು ಒಡೆದು ಹುಲ್ಲಿನ ಪಟ್ಟಿ ಎದ್ದಿದೆ. ಎರಡೂ ಬದಿಗೆ ಹಾಥಾರ್ನ್ ಮುಳ್ಳಿನ ಬೇಲಿ, ಅದರಾಚೆ ಮರಳು ಮಿಶ್ರಿತ ಹೊಲದಲ್ಲಿ ಕ್ಯಾರೆಟ್, ಈರುಳ್ಳಿ, ಆಲೂಗೆಡ್ಡೆ. ಒಂದು ತಿರುವಿನಲ್ಲಿ ಗಪ್ಪೆಂದು ವಾಸನೆ ಹೊಡೆಯುತ್ತದೆ. ಬಯಲಲ್ಲಿ ಸಾಲಾಗಿ ನಿಲ್ಲಿಸಿದ ಅರ್ಧಚಂದ್ರಾಕಾರದ ತಗಡಿನ ಗುಡಿಸಲುಗಳು, ಒಂದೊಂದರ ಬಾಗಿಲಲ್ಲೂ ಒಂದೊಂದು ಹಂದಿ ಬಿಸಿಲು ಕಾಯಿಸುತ್ತಿರುತ್ತದೆ. ಆಗಸ್ಟ್ ತಿಂಗಳಾದರೆ ಹೊಲ ಮುಗಿದ ಕಡೆ ಹೆದರ್ ಗಿಡ ಹೂಬಿಟ್ಟು ಬಯಲೆಲ್ಲ ನೇರಳೆ.

ವಾಹನವೇ ಇಲ್ಲವೆಂದಲ್ಲ. ಇಪ್ಪತ್ತು ನಿಮಿಷಕ್ಕೊಂದು ಟ್ರ್ಯಾಕ್ಟರ್, ಒಂದು ಪಾರ್ಸೆಲ್ ವ್ಯಾನ್, ಕುದುರೆ ಮೇಲೆ ಶಾಲಾಹುಡುಗಿ. ಕುದುರೆಯ ಹಿಂದೆ ಹೋದಾಗ ಸುಮ್ಮನೆ ನುಗ್ಗುವ ಹಾಗಿಲ್ಲ. ದೂರದಿಂದಲೇ ‘ಹಲೋ’ ಎಂದು ಕೂಗಿ, ನಿಧಾನಿಸಿ, ಅಗಲವಾಗಿ ಬಳಸಿಕೊಂಡು ಹೋಗಬೇಕು. ಕುದುರೆಗೆ ಮನುಷ್ಯರ ದನಿ ಕೇಳಿದರೆ ಧೈರ್ಯ. ಇಂಥ ದಾರಿಯಲ್ಲಿ ಒಂದು ಬೆಳಗು ಕಳೆದ ಬೆಂಗಳೂರಿನ ಯಾವ ಅತಿಥಿಯಾದರೂ ಹೇಳುವುದು ಒಂದೇ ಮಾತು: ‘ಇವರಿಗೇನಪ್ಪ, ಪುಣ್ಯ ಮಾಡಿದ್ದಾರೆ.’

ಈ ಮಾತಿಗೇ ನನ್ನ ತಕರಾರು. ಪುಣ್ಯದ ಮಾತಲ್ಲ ಇದು, ಅರ್ಜಿ ಬರೆದವರ ಮಾತು. ಈ ಮೌನ ಮಳೆಯ ಹಾಗೆ ಮೇಲಿಂದ ಬಿದ್ದದ್ದಲ್ಲ. ನೂರೈವತ್ತು ವರ್ಷದಿಂದ ಸಾಮಾನ್ಯ ಜನ ಸಂಘ ಕಟ್ಟಿ, ಕೋರ್ಟು ಹತ್ತಿ, ಮೀಟಿಂಗಿನಲ್ಲಿ ತಂಟೆ ತೆಗೆದು ಇಷ್ಟಿಷ್ಟೇ ಗಳಿಸಿದ್ದು.

ಲೆಕ್ಕ ನೋಡಿ. 1878ರಲ್ಲಿ ಹ್ಯಾರೊಗೇಟ್ ಊರಿನಲ್ಲಿ ಸೈಕಲ್ ಪ್ರವಾಸಿಗಳ ಸಂಘವೊಂದು ಹುಟ್ಟಿತು. ಮುಂದೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾಗಿ, ಈಗ ಸೈಕ್ಲಿಂಗ್ ಯುಕೆ ಎಂಬ ಹೆಸರಿನಲ್ಲಿ ನಡೆಯುತ್ತಿರುವುದು ಅದೇ. ಮರುವರ್ಷ, 1879ರಲ್ಲಿ, ಜೋರಾಗಿ ತುಳಿದನೆಂದು ಸಿಕ್ಕಿಬಿದ್ದ ಸವಾರನೊಬ್ಬನ ಕೇಸು ಮೇಲಿನ ಕೋರ್ಟಿಗೆ ಹೋಯಿತು. ಸೈಕಲ್ಲೂ ಒಂದು ‘ಗಾಡಿ’ಯೇ, ಆದ್ದರಿಂದ ದಂಡ ಸರಿ ಎಂದರು ನ್ಯಾಯಾಧೀಶರು. ಸವಾರನಿಗೆ ಸೋಲು, ಸೈಕಲ್ಲಿಗೆ ಗೆಲುವು. ಗಾಡಿ ಎಂದ ಮೇಲೆ ರಸ್ತೆಯ ಮೇಲೆ ಹಕ್ಕಿಲ್ಲ ಎನ್ನುವುದು ಹೇಗೆ? ಆದರೂ ಊರೂರಿನ ಅಧಿಕಾರಿಗಳು ತಮಗೆ ತೋಚಿದ ನಿಯಮ ಮಾಡಿಕೊಂಡು ಸೈಕಲ್‌ನವರನ್ನು ಅಡ್ಡಗಟ್ಟುತ್ತಿದ್ದರು. ಕ್ಲಬ್ಬಿನವರು ಬೆನ್ನು ಬಿಡಲಿಲ್ಲ. 1888ರ ಸ್ಥಳೀಯಾಡಳಿತ ಕಾಯ್ದೆ ಸೈಕಲ್ಲು ಗಾಡಿಯೆಂದು ಕಾನೂನಿನಲ್ಲೇ ಬರೆದು, ಅಂಥ ನಿಯಮಗಳಿಗೆ ಮಂಗಳ ಹಾಡಿತು.

ಇದಕ್ಕೂ ಎರಡು ವರ್ಷ ಮೊದಲು, ಕಾರು ಇನ್ನೂ ಕಣ್ಣಿಗೆ ಬೀಳದ 1886ರಲ್ಲಿ, ರಸ್ತೆ ಸುಧಾರಣಾ ಸಂಘವೊಂದನ್ನು ಹುಟ್ಟುಹಾಕಿದ್ದೂ ಸೈಕಲ್‌ನವರೇ. ರೈಲು ಬಂದ ಮೇಲೆ ಹಾಳುಬಿದ್ದ ಹಳ್ಳಿ ರಸ್ತೆಗಳನ್ನು ದುರಸ್ತಿ ಮಾಡಿ ಎಂದು ಆಡಳಿತದವರ ತಲೆ ತಿಂದವರು ಇವರು. ‘ರಸ್ತೆ ಇರುವುದು ಕಾರಿಗೆ’ ಎಂದು ಇವತ್ತು ಕಿಟಕಿ ಇಳಿಸಿ ಬೈಯುವ ಮಹನೀಯರಿಗೆ ಈ ತಾರೀಖು ಹೇಳಿ ನೋಡಿ. ಇನ್ನೂ ಜೋರಾಗಿ ಬೈಯುತ್ತಾರೆ.

ಎಲ್ಲ ಜಗಳವನ್ನೂ ಗೆದ್ದರೆಂದಲ್ಲ. ಕ್ಲಬ್ಬು ಒಪ್ಪಿದ ಹೋಟೆಲುಗಳ ಗೋಡೆಗೆ ರೆಕ್ಕೆಯಿರುವ ಚಕ್ರದ ಲಾಂಛನ ಹೊಡೆಯುತ್ತಿದ್ದರು. ಸವಾರರಿಗೆ ಇಲ್ಲಿ ಮರ್ಯಾದೆ ಸಿಗುತ್ತದೆ ಎಂದರ್ಥ. 1898ರಲ್ಲಿ ಸರ್ರೆ ಕೌಂಟಿಯ ಆಕಮ್ ಹಳ್ಳಿಯ ಅಂಥದೊಂದು ಹೋಟೆಲಿಗೆ ಲೇಡಿ ಹಾರ್ಬರ್ಟನ್ ಎಂಬಾಕೆ ಸೈಕಲ್ ತುಳಿದುಕೊಂಡು ಬಂದರು. ಉದ್ದ ಲಂಗದ ಬದಲು ಅಗಲವಾದ ಚಡ್ಡಿಯಂಥ ಉಡುಗೆ ತೊಟ್ಟಿದ್ದರು. ಹೋಟೆಲಿನ ಒಡತಿ ಕಾಫಿ ಕೋಣೆಗೆ ಬಿಡಲಿಲ್ಲ, ಗಂಡಸರು ಕೂತು ಕುಡಿಯುವ ಬಾರಿನ ಪಕ್ಕ ಬೇಕಾದರೆ ಕೂರಿ ಎಂದಳು. ಕ್ಲಬ್ಬು ಕೇಸು ಹಾಕಿತು, ಸೋತಿತು. ಆದರೆ ಪತ್ರಿಕೆಗಳ ತುಂಬ ಸುದ್ದಿಯಾಯಿತು. ಹತ್ತು ವರ್ಷ ಕಳೆದು 1908ರಲ್ಲಿ, ನಮ್ಮ ಈ ಸಫಕ್ ತೀರದ ಆಲ್ಡ್‌ಬರ ಪಟ್ಟಣವೇ ಡಾಕ್ಟರ್ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಅವರನ್ನು ಇಂಗ್ಲೆಂಡಿನ ಮೊದಲ ಮಹಿಳಾ ಮೇಯರ್ ಆಗಿ ಆರಿಸಿತು. ಚಡ್ಡಿಗೂ ಮೇಯರ್ ಪಟ್ಟಕ್ಕೂ ನೇರ ನಂಟಿದೆಯೆಂದು ಹೇಳಲಾರೆ. ಕಾಲ ಮಾತ್ರ ಒಂದೇ.

ಕ್ಲಬ್ಬಿನ ಪದ್ಧತಿ ಇನ್ನೂ ಜೀವಂತವಾಗಿದೆ. ಭಾನುವಾರ ಬೆಳಿಗ್ಗೆ ಊರ ಚೌಕದಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರೆ. ಎಲೆಕ್ಟ್ರಿಷಿಯನ್, ಟೀಚರು, ರಿಟೈರಾದ ದಾದಿ, ಫೀಲಿಕ್ಸ್‌ಸ್ಟೋ ಬಂದರಿನಲ್ಲಿ ಕ್ರೇನ್ ನಡೆಸುವವನು. ಇಬ್ಬಿಬ್ಬರ ಜೋಡಿಯಾಗಿ ಹೊರಟರೆ ಹಿಂದಿನವರು ಮುಂದಿನವರ ಚಕ್ರಕ್ಕೆ ಅಂಟಿಕೊಂಡೇ ಸಾಗುತ್ತಾರೆ, ಗಾಳಿಯ ಹೊಡೆತ ಕಡಿಮೆಯಾಗಲೆಂದು. ಮುಂದಿರುವವರು ನೆಲದತ್ತ ಬೆರಳು ಮಾಡಿ ಗುಂಡಿ ತೋರಿಸುತ್ತಾರೆ. ಎದುರಿಗೋ ಹಿಂದೆಯೋ ಕಾರು ಕಂಡರೆ ‘ಕಾರ್ ಅಪ್’, ‘ಕಾರ್ ಡೌನ್’ ಎಂಬ ಕೂಗು ಸಾಲಿನುದ್ದಕ್ಕೂ ಹರಿಯುತ್ತದೆ. ತಮಾಷೆಯೆಂದರೆ ಯಾವ ಕೂಗು ಎದುರಿನ ಕಾರಿಗೆ, ಯಾವುದು ಹಿಂದಿನದಕ್ಕೆ ಎಂಬುದರಲ್ಲಿ ಊರಿಂದೂರಿಗೆ ಮತಭೇದ. ಹೊಸ ಕ್ಲಬ್ಬಿಗೆ ಸೇರಿದವರು ಮೊದಲು ಕಲಿಯಬೇಕಾದ ಪಾಠ ಇದೇ.

ಜೋಡಿ ಸಾಲಿನಲ್ಲಿ ಹೋಗುವುದು ಸೊಕ್ಕೆಂದು ಕಾರಿನವರ ಆರೋಪ. 2022ರ ಜನವರಿ 29ರಿಂದ ಹೈವೇ ಕೋಡ್ ಬದಲಾಗಿದೆ. ಜೋಡಿಯಾಗಿ ಹೋಗಬಹುದು, ಅದು ಕ್ಷೇಮವೂ ಹೌದು ಎಂದು ಅದರಲ್ಲೇ ಬರೆದಿದೆ. ಸೈಕಲ್ಲನ್ನು ಹಿಂದಿಕ್ಕುವ ಕಾರು ಗಂಟೆಗೆ 30 ಮೈಲಿ ವೇಗದವರೆಗೆ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು, ವೇಗ ಹೆಚ್ಚಿದ್ದರೆ ಇನ್ನೂ ಹೆಚ್ಚು. ಕುದುರೆಗೆ ಎರಡು ಮೀಟರ್, ಅದೂ ಹತ್ತು ಮೈಲಿಗಿಂತ ಕಡಿಮೆ ವೇಗದಲ್ಲಿ. ಹೆಚ್ಚು ಹಾನಿ ಮಾಡಬಲ್ಲವನಿಗೆ ಹೆಚ್ಚು ಹೊಣೆ ಎಂಬುದು ಈ ತಿದ್ದುಪಡಿಯ ತಿರುಳು.

ಬಾಣಂತನಕ್ಕೆಂದು ಇಂಗ್ಲೆಂಡಿಗೆ ಬರುವ ನಮ್ಮ ಕನ್ನಡದ ಹಿರಿಯರದ್ದು ಒಂದು ಪಾಡು. ಅಮ್ಮಂದಿರಿಗೆ ಮಗುವಿನ ಎಣ್ಣೆ ನೀರು, ಕಷಾಯ ಎಂದು ಕೈತುಂಬ ಕೆಲಸ. ಅಪ್ಪಂದಿರು ಮಾತ್ರ ಸೂಪರ್‌ಮಾರ್ಕೆಟ್ಟಿಗೂ ಪಾರ್ಕಿಗೂ ನಡುವೆ ಅಲೆಯುತ್ತ ಆರು ತಿಂಗಳ ವೀಸಾ ಸವೆಸುತ್ತಾರೆ. ಹಾಗೆ ಬಂದಿದ್ದ ನಮ್ಮ ಚಿಕ್ಕಪ್ಪನಿಗೆ ಒಂದು ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ಕೊಡಿಸಿ ಹಳದಿ ಗೆರೆ ಹತ್ತಿಸಿದೆ. ಇಲ್ಲಿ 250 ವ್ಯಾಟಿನ, ಗಂಟೆಗೆ ಹದಿನೈದೂವರೆ ಮೈಲಿಗೆ ಮೋಟಾರು ತಾನಾಗಿ ನಿಲ್ಲುವ ಸೈಕಲ್ಲಿಗೆ ಲೈಸೆನ್ಸು ಬೇಡ. ಚಿಕ್ಕಪ್ಪ ಅರಸೀಕೆರೆಯಲ್ಲಿ ವಿದ್ಯುತ್ ಇಲಾಖೆಯ ಲೈನ್ ಪಕ್ಕದಲ್ಲೇ ನೌಕರಿ ಪೂರ್ತಿ ಸೈಕಲ್ ತುಳಿದವರು. ಮೊದಲ ಮೈಲಿಯಲ್ಲೇ ನನ್ನನ್ನು ಹಿಂದೆ ಹಾಕಿದರು.

ಒಂದು ತೋಟದ ಮನೆಯ ಗೇಟಿನೆದುರು ನಿಂತೇಬಿಟ್ಟರು. ಹಳೇ ಬೀರುವೊಂದನ್ನು ರಸ್ತೆಬದಿಗೆ ತಂದಿಟ್ಟಿದ್ದಾರೆ. ಒಳಗೆ ಆರಾರು ಮೊಟ್ಟೆಯ ರಟ್ಟಿನ ಪೆಟ್ಟಿಗೆ, ಎರಡು ಕಟ್ಟು ರೂಬಾರ್ಬ್ ದಂಟು, ಕೈಬರಹದ ಚೀಟಿ ಅಂಟಿಸಿದ ಜಾಮಿನ ಶೀಶೆ. ಪಕ್ಕದಲ್ಲಿ ಸೀಳು ಕೊರೆದ ತಗಡಿನ ಡಬ್ಬಿ. ಮನುಷ್ಯರ ಸುಳಿವಿಲ್ಲ.

‘ಅಂಗಡಿಯೋರು ಎಲ್ಲೋ?’

‘ಯಾರೂ ಇರಲ್ಲ ಚಿಕ್ಕಪ್ಪ. ಬೇಕಾದ್ದು ತಗೊಂಡು ದುಡ್ಡು ಡಬ್ಬಿಗೆ ಹಾಕಿ ಹೋಗೋದು.’

‘ಡಬ್ಬೀನೇ ಎತ್ಕೊಂಡು ಹೋದ್ರೆ?’

‘ಒಂದೊಂದ್ ಸಲ ಎತ್ಕೊಂಡು ಹೋಗ್ತಾರೆ. ಕೆಲವರು ಕ್ಯಾಮೆರಾನೂ ಹಾಕ್ಸಿದಾರೆ.’

‘ಆದ್ರೂ ಇಡೋದು ಬಿಟ್ಟಿಲ್ಲ ಅನ್ನು’ ಎಂದರು. ಆ ಮಾತು ನನಗೆ ಹಿಡಿಸಿತು. ಇಂಗ್ಲಿಷರು ದೇವತೆಗಳೆಂದಲ್ಲ, ಕಳುವಾದರೂ ಮಾರನೇ ದಿನ ಮತ್ತೆ ಡಬ್ಬಿ ಇಡುವ ಹಟ ಅವರಿಗಿದೆ. ಚಿಕ್ಕಪ್ಪ ಎರಡು ಪೌಂಡಿನ ನಾಣ್ಯ ಹಾಕಿ, ಡಬ್ಬಿಯನ್ನು ಒಮ್ಮೆ ಅಲ್ಲಾಡಿಸಿ ಸದ್ದು ಕೇಳಿ, ಮೊಟ್ಟೆ ತಿನ್ನದಿದ್ದರೂ ಸೊಸೆಗೆಂದು ಒಂದು ಪೆಟ್ಟಿಗೆ ಎತ್ತಿಕೊಂಡರು. ಮುಂದಿನ ಹಳ್ಳಿಯಲ್ಲಿ ಕೆಂಪು ಟೆಲಿಫೋನ್ ಬೂತಿನ ತುಂಬ ಪುಸ್ತಕ. ಫೋನು ಕಿತ್ತ ಮೇಲೆ ಬಿಟಿ ಕಂಪನಿ ಇಂಥ ಬೂತುಗಳನ್ನು ಒಂದು ಪೌಂಡಿಗೆ ಊರಿನವರಿಗೇ ಕೊಟ್ಟುಬಿಡುತ್ತದೆ. ಕೆಲವು ಕಡೆ ಲೈಬ್ರರಿ, ಕೆಲವು ಕಡೆ ಹೃದಯಾಘಾತಕ್ಕೆ ಶಾಕ್ ಕೊಡುವ ಯಂತ್ರ.

ಈ ತೀರದಲ್ಲಿ ಸಣ್ಣ ಸಣ್ಣ ನದಿಗಳು ಸುತ್ತಾಡಿಕೊಂಡು ಕೊನೆಗೆಲ್ಲೋ ಕಡಲು ಸೇರುತ್ತವೆ. ಹಾಗಾಗಿ ಆಚೆ ದಡ ಕಣ್ಣೆದುರೇ ಇದ್ದರೂ ರಸ್ತೆಯಲ್ಲಿ ಹೋದರೆ ಮೈಲಿಗಟ್ಟಲೆ ಸುತ್ತು. ಇದಕ್ಕೆ ಮದ್ದು ದೋಣಿ. ಬಟ್ಲಿ ಹೊಳೆಯಲ್ಲಿ ಹುಟ್ಟು ಹಾಕುವವರು ಸ್ವಯಂಸೇವಕರು. ಬೇಸಿಗೆಯ ಶನಿವಾರ ಭಾನುವಾರ ಪಾಳಿ ಹಾಕಿಕೊಂಡು ಬಂದು, ಸೈಕಲ್ ಸಮೇತ ದಾಟಿಸಿ ಹೋಗುತ್ತಾರೆ. ದಾಟಿದರೆ ಎರಡನೇ ಹೆನ್ರಿ 1165ರಿಂದ 1173ರವರೆಗೆ ಕಟ್ಟಿಸಿದ ಆರ್ಫರ್ಡ್ ಕೋಟೆ ಹತ್ತಿರ. ಬಾಡ್ಸಿ ದಡದಲ್ಲಿ ನಿಂತು ಹಲಗೆಯ ಬ್ಯಾಟೊಂದನ್ನು ಎತ್ತಿ ಬೀಸಿದರೆ ಆಚೆ ದಡದ ಫೀಲಿಕ್ಸ್‌ಸ್ಟೋ ಫೆರಿಯಿಂದ ದೋಣಿಯವರು ನೋಡಿ ಬರುತ್ತಾರೆ. ಯಾವ ಆ್ಯಪೂ ಬೇಡ. 1937ರಲ್ಲಿ ಜಗತ್ತಿನ ಮೊದಲ ರೇಡಾರ್ ಠಾಣೆ ಕೆಲಸ ಶುರು ಮಾಡಿದ ಬಾಡ್ಸಿಯಲ್ಲೇ ದೋಣಿ ಕರೆಯುವುದಕ್ಕೆ ಇವತ್ತಿಗೂ ಬ್ಯಾಟು! ಮೂರನೆಯದು ವಾಲ್ಬರ್ಸ್‌ವಿಕ್‌ನಿಂದ ಸೌತ್‌ವೋಲ್ಡ್‌ಗೆ. ಒಂದೇ ಮನೆತನದವರು ತಲೆಮಾರುಗಳಿಂದ ಹುಟ್ಟು ಹಾಕುತ್ತಿದ್ದಾರೆ. ದೋಣಿ ಸಿಗದಿದ್ದರೆ ಒಂದು ಮೈಲಿ ಮೇಲಕ್ಕೆ ಕಾಲುಸೇತುವೆಯಿದೆ. 1879ರಿಂದ 1929ರವರೆಗೆ ಓಡಿದ ಸೌತ್‌ವೋಲ್ಡ್‌ನ ಪುಟ್ಟ ರೈಲಿನ ಸೇತುವೆ ಇದ್ದ ಜಾಗ ಅದು.

ರೈಲಿನ ಮಾತು ಬಂದದ್ದಕ್ಕೆ ಇದೂ ಸೇರಲಿ. ಇಪ್ಸ್‌ವಿಚ್‌ನಿಂದ ಲೋಸ್ಟಾಫ್‌ವರೆಗಿನ ಈಸ್ಟ್ ಸಫಕ್ ರೈಲು ದಾರಿ 1960ರ ದಶಕದಲ್ಲಿ ರೈಲು ದಾರಿಗಳನ್ನು ಮುಚ್ಚಲು ಹೇಳಿದ ಬೀಚಿಂಗ್ ವರದಿಯ ಕತ್ತರಿಗೆ ಸಿಕ್ಕಿತ್ತು. ಊರಿನವರು ಗಲಾಟೆ ಎಬ್ಬಿಸಿ 1966ರಲ್ಲಿ ಉಳಿಸಿಕೊಂಡರು. ಅದೇ ವರ್ಷ ಆಲ್ಡ್‌ಬರಕ್ಕೆ ಹೋಗುತ್ತಿದ್ದ ಕವಲು ದಾರಿ ಮಾತ್ರ ಮುಚ್ಚಿಹೋಯಿತು. ಎದುರುಗಾಳಿಗೆ ಹೆದರಿದ ಸವಾರರು ಸಂಜೆ ಡಾರ್ಶಮ್ ಸ್ಟೇಷನ್ನಿನಲ್ಲಿ ಸೈಕಲ್ ಹಿಡಿದು ನಿಲ್ಲಲು ಸಾಧ್ಯವಾಗಿರುವುದು ಅಂದು ಗಲಾಟೆ ಮಾಡಿದವರಿಂದ.

ಡಾರ್ಶಮ್‌ನಿಂದ ಕಡಲಿಗೆ ತಿರುಗಿದರೆ ಡನಿಚ್. ಒಂದು ಕಾಲಕ್ಕೆ ದೊಡ್ಡ ಬಂದರು, ಚರ್ಚುಗಳು, ಸಂತೆ, ಹಡಗು ಕಟ್ಟುವವರು. 1286ರ ಬಿರುಗಾಳಿಯಿಂದ ಶುರುವಾಗಿ ಒಂದಾದ ಮೇಲೊಂದು ಚಂಡಮಾರುತ ಬಂದರಿನ ಬಾಯಿ ಹೂತು, ಊರನ್ನು ಬೀದಿ ಬೀದಿಯಾಗಿ ನುಂಗಿತು. ಕೊನೆಯದಾಗಿ ಆಲ್ ಸೇಂಟ್ಸ್ ಚರ್ಚು 1904ರಿಂದ 1919ರ ನಡುವೆ ತುಂಡು ತುಂಡಾಗಿ ದಂಡೆಯಿಂದ ಕೆಳಗುರುಳಿತು. ಈಗ ಉಳಿದಿರುವುದು ಒಂದು ಬೀದಿ, ಒಂದು ಪಬ್ಬು, ಒಂದು ಮ್ಯೂಸಿಯಂ, ಸನ್ಯಾಸಿಗಳ ಮಠದ ಮುರುಕು ಗೋಡೆ, ಬೀಚಿನಲ್ಲಿ ಮೀನು-ಚಿಪ್ಸ್ ಮಾರುವ ಟೀ ಅಂಗಡಿ. ಊರು ಹೀಗೆ ಕರಗುತ್ತಿದ್ದರೂ ಡನಿಚ್ 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬಿಬ್ಬರು ಸದಸ್ಯರನ್ನು ಕಳಿಸುತ್ತಲೇ ಇತ್ತು. ಬೆರಳೆಣಿಕೆಯ ಮತದಾರರು, ಅವರ ಹಿಂದೆ ಧಣಿಗಳು. ಸುಧಾರಣಾ ಕಾಯ್ದೆ ಬಂದು ಆ ನಾಟಕಕ್ಕೆ ತೆರೆ ಎಳೆಯಿತು.

ಸವಾರರಿಗೆ ಈ ಊರು ಗೊತ್ತಿರುವುದು ಬೇರೆ ಕಾರಣಕ್ಕೆ. ಜುಲೈ ತಿಂಗಳಲ್ಲಿ ಹುಣ್ಣಿಮೆಗೆ ಹತ್ತಿರದ ಶನಿವಾರ ಸಂಜೆ ಪೂರ್ವ ಲಂಡನ್ನಿನ ಲಂಡನ್ ಫೀಲ್ಡ್ಸ್ ಮೈದಾನದ ಹತ್ತಿರ ಸಾವಿರಕ್ಕೂ ಹೆಚ್ಚು ಸೈಕಲ್‌ಗಳು ಸೇರುತ್ತವೆ. 1990ರ ದಶಕದ ಆರಂಭದಿಂದ ನಡೆದುಬಂದ ‘ಡನಿಚ್ ಡೈನಮೋ’ ಇದು. ರಾತ್ರಿಯಿಡೀ ತುಳಿದು ಸುಮಾರು 180 ಕಿಲೋಮೀಟರ್ ದೂರದ ಡನಿಚ್ ಬೀಚು ಮುಟ್ಟುವುದು, ಅಷ್ಟೇ. ಪ್ರವೇಶ ಶುಲ್ಕವಿಲ್ಲ, ನಂಬರು ಚೀಟಿಯಿಲ್ಲ, ಪದಕವಿಲ್ಲ, ಸಹಾಯಕ್ಕೆ ವ್ಯಾನ್ ಇಲ್ಲ. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು, ಅಥವಾ ಹಿಂದಿನಿಂದ ಬಂದವರು ನಿಲ್ಲುತ್ತಾರೆ. ನಡುರಾತ್ರಿ ಯಾವುದೋ ಹಳ್ಳಿಯ ಸಭಾಭವನದಲ್ಲಿ ದೀಪ ಹಚ್ಚಿಕೊಂಡು ಊರಿನ ಹೆಂಗಸರು ಟೀ ಮತ್ತು ಬ್ರೆಡ್ಡು ಮಾರುತ್ತಿರುತ್ತಾರೆ. ಬಂದ ದುಡ್ಡು ಭವನದ ಚಾವಣಿ ರಿಪೇರಿಗೆ. ಗುಡ್ಡಗಾಡಿಲ್ಲದ ಕತ್ತಲಲ್ಲಿ ಮೈಲಿಯುದ್ದಕ್ಕೂ ಕೆಂಪು ಹಿಂದೀಪಗಳ ಸಾಲು. ಐದು ಗಂಟೆಯೊಳಗೆ ಬೆಳಕು ಹರಿದಿರುತ್ತದೆ. ಒಂದಿಷ್ಟು ಜನ ಸೀದಾ ಆ ಕೊರೆಯುವ ನೀರಿಗೆ ಇಳಿಯುತ್ತಾರೆ. ಉಳಿದವರು ಬುದ್ಧಿವಂತರು, ಟೀ ಅಂಗಡಿಯ ಕ್ಯೂನಲ್ಲಿ ನಿಲ್ಲುತ್ತಾರೆ.

ಇನ್ನು ಇನ್ನೊಂದು ಮಗ್ಗುಲು. ಈ ಹಳದಿ ರಸ್ತೆಗಳಲ್ಲಿ ಹೆಚ್ಚಿನವಕ್ಕೆ ಕಾನೂನಿನ ವೇಗಮಿತಿ ಎಷ್ಟು ಗೊತ್ತೆ? ಗಂಟೆಗೆ 60 ಮೈಲಿ, ಅಂದರೆ 96 ಕಿಲೋಮೀಟರ್. ನಾಲ್ಕು ಮೀಟರ್ ಅಗಲ, ಆಳೆತ್ತರದ ಬೇಲಿ, ಮುಂದೆ ಕುರುಡು ತಿರುವು. ಅಲ್ಲಿ 60ರಲ್ಲಿ ಬಂದರೂ ವೇಗಮಿತಿ ಮೀರಿದ ತಪ್ಪಿಲ್ಲ. ಹೆಚ್ಚಿನವರು ಹಾಗೆ ಓಡಿಸುವುದಿಲ್ಲ, ಓಡಿಸುವವನು ಒಬ್ಬ ಸಾಕು. ದೊಡ್ಡ ರಸ್ತೆಯಲ್ಲಿ ಜಾಮ್ ಆದ ದಿನ ಫೋನಿನ ನಕ್ಷೆ ಕಾರುಗಳನ್ನೆಲ್ಲ ಈ ಸಂದಿಗೊಂದಿಗೆ ತಳ್ಳುತ್ತದೆ. ಮೇಲಾಗಿ ಸೈಜ್‌ವೆಲ್. 1995ರಿಂದ ಓಡುತ್ತಿರುವ ಬಿ ಸ್ಥಾವರದ ಪಕ್ಕದಲ್ಲಿ, ಅವೊಸೆಟ್ ಹಕ್ಕಿಗಳ ಮಿನ್ಸ್‌ಮಿಯರ್ ಜೌಗಿನ ಮಗ್ಗುಲಲ್ಲೇ, 2022ರಲ್ಲಿ ಒಪ್ಪಿಗೆ ಪಡೆದ ಸೈಜ್‌ವೆಲ್ ಸಿ ಅಣುಸ್ಥಾವರ ಎದ್ದು ನಿಲ್ಲುತ್ತಿದೆ. ಅದಕ್ಕೆಂದು ಹೊಸ ಲಿಂಕ್ ರೋಡು, ಬೈಪಾಸು, ಲಾರಿಗಳ ಸಾಲು. ಸುತ್ತಲಿನ ಹಳ್ಳಿಗಳಲ್ಲಿ ಬೇಕೆನ್ನುವವರಿದ್ದಾರೆ, ಬೇಡವೆನ್ನುವವರಿದ್ದಾರೆ. ಲಾರಿ ನಮ್ಮ ಗಲ್ಲಿಗೆ ಬರಬಾರದೆಂಬುದರಲ್ಲಿ ಮಾತ್ರ ಎಲ್ಲರೂ ಒಂದೇ.

ಸಣ್ಣ ಕಾಟಗಳಿಗಂತೂ ಲೆಕ್ಕವಿಲ್ಲ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಹೊಲದ ಬೇಲಿ ಸವರುವಂತಿಲ್ಲ. ಸೆಪ್ಟೆಂಬರ್ ಹುಟ್ಟಿತೋ, ಟ್ರ್ಯಾಕ್ಟರಿನ ಕತ್ತರಿಗೆ ಸಿಕ್ಕ ಹಾಥಾರ್ನ್ ಮುಳ್ಳು ರಸ್ತೆ ತುಂಬ. ಮುಳ್ಳಿನ ಜತೆಗೆ ಮಳೆ ತೊಳೆದು ತಂದ ಚಕಮಕಿ ಕಲ್ಲಿನ ಚೂರು. ಅದು ಬ್ಲೇಡಿನಂತೆ ಟೈರು ಸೀಳುತ್ತದೆ. ಮುಳ್ಳು ಹಾಗಲ್ಲ, ಟೈರಿನೊಳಗೇ ಕೂತು ಹೊಸ ಟ್ಯೂಬಿಗೂ ಕಾದಿರುತ್ತದೆ. ಆದ್ದರಿಂದ ಟ್ಯೂಬು ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸಿ, ಮುಳ್ಳಿನ ತುದಿ ಸಿಕ್ಕದೆ ಗಾಳಿ ಹೊಡೆಯಬಾರದು. ಬೇಲಿ ಸವರುವುದು ಮುಗಿಯುವಷ್ಟರಲ್ಲಿ ಶುಗರ್ ಬೀಟ್ ಕೊಯ್ಲು. ಬೆರಿ ಸೇಂಟ್ ಎಡ್ಮಂಡ್ಸ್ ಕಾರ್ಖಾನೆ ಚಳಿಗಾಲ ಪೂರ್ತಿ ನುರಿಸುತ್ತದೆ. ಮಂಡ್ಯದವರಿಗೆ ಕಬ್ಬಿನ ಗಾಡಿ ಹೇಗೋ ಇಲ್ಲಿಯವರಿಗೆ ಬೀಟಿನ ಟ್ರೇಲರ್. ಅದರ ಗಾಲಿಗಂಟಿದ ಜೇಡಿ ರಸ್ತೆಗಿಳಿದು ಮಳೆಯಲ್ಲಿ ಸೋಪಾಗುತ್ತದೆ.

ಇಂಥ ಸೋರಿಕೆಗೆ ತೇಪೆ ಹಾಕುವ ಕೆಲಸವೂ ನಡೆದಿದೆ. ದೇಶವ್ಯಾಪಿ ಸೈಕಲ್ ಜಾಲಕ್ಕೆ 1995ರಲ್ಲಿ ಲಾಟರಿ ನಿಧಿಯಿಂದ ಸುಮಾರು ನಾಲ್ಕೂಕಾಲು ಕೋಟಿ ಪೌಂಡ್ ಸಿಕ್ಕಿತು. ಅದನ್ನು ನಡೆಸುವ, ಆಗ ಸಸ್‌ಟ್ರಾನ್ಸ್ ಎಂಬ ಹೆಸರಿದ್ದ ಸಂಸ್ಥೆ 2020ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು: ವಾಹನ ಹೆಚ್ಚಿರುವ ದಾರಿಗಳನ್ನು ಸುರಕ್ಷಿತವೆಂದು ಕರೆಯಲಾರೆವು ಎಂದು ತನ್ನ ಜಾಲದ ಸುಮಾರು ಕಾಲು ಭಾಗವನ್ನು ತಾನೇ ಪಟ್ಟಿಯಿಂದ ಹೊರಗಿಟ್ಟಿತು, ಇಲ್ಲವೇ ಬೇರೆ ದರ್ಜೆಗೆ ಇಳಿಸಿತು. ಉದ್ದದ ಅಂಕಿ ಹೇಳಿ ಬೀಗುವುದನ್ನೇ ಸಾಧನೆ ಎಂದುಕೊಂಡಿರುವ ಸಂಸ್ಥೆಗಳು ಕಲಿಯಬೇಕಾದ ಪಾಠ.

ಇನ್ನೊಂದು ತೇಪೆ ‘ಕ್ವಯಟ್ ಲೇನ್’. 2000ದ ಸಾರಿಗೆ ಕಾಯ್ದೆ, 2006ರ ನಿಯಮಗಳ ಪ್ರಕಾರ ವಾಹನ ಕಡಿಮೆಯಿರುವ ಹಳ್ಳಿ ದಾರಿಯನ್ನು ನಡೆಯುವವರು, ಸೈಕಲ್, ಕುದುರೆ, ಕಾರು ಎಲ್ಲರೂ ಹಂಚಿಕೊಳ್ಳುವ ದಾರಿಯೆಂದು ಘೋಷಿಸಿ ಫಲಕ ನೆಡಬಹುದು. ಸಫಕ್‌ನ ಹಲವಾರು ಪ್ಯಾರಿಷ್‌ಗಳು, ಅಂದರೆ ನಮ್ಮ ಗ್ರಾಮ ಪಂಚಾಯಿತಿಗಿಂತಲೂ ಸಣ್ಣ ಘಟಕಗಳು, ಈಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಇಳಿದಿವೆ. ಸಂಬಳವಿಲ್ಲದ ಸದಸ್ಯರು ಚೇಂಬರಿಲ್ಲದ ಸಭಾಭವನದಲ್ಲಿ ಕೂತು, ಯಾವ ಗಲ್ಲಿ, ಎಷ್ಟು ವಾಹನ, ಯಾರ ಆಕ್ಷೇಪ ಎಂದು ಬರೆದಿಟ್ಟುಕೊಂಡು ಕೌಂಟಿಗೆ ಕಳಿಸುತ್ತಾರೆ. ಫಲಕ ನೆಟ್ಟ ಮಾತ್ರಕ್ಕೆ ವೇಗಮಿತಿ ಇಳಿಯುವುದಿಲ್ಲ, ಅದಕ್ಕೆ ಬೇರೆ ಆದೇಶ ಬೇಕು. ಫಲಕದಿಂದೇನು ಉಪಯೋಗ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಉತ್ತರ: ಇದು ನಮ್ಮದು ಎಂದು ಊರು ಒಮ್ಮೆ ಬರಹದಲ್ಲಿ ಹೇಳಿಟ್ಟರೆ, ಮುಂದೆ ಲಾರಿ ಬಂದಾಗ ವಾದ ಹೂಡಲು ಒಂದು ಕಾಗದ ಕೈಯಲ್ಲಿರುತ್ತದೆ.

ಎಲ್ಲವನ್ನೂ ಕಾಗದದಿಂದ ಉಳಿಸಲಾಗದು. ಸೌತ್‌ವೋಲ್ಡ್‌ನ ಉತ್ತರಕ್ಕೆ ಕೋವ್‌ಹೈದ್ ಎಂಬಲ್ಲಿ ರಸ್ತೆ ಹೊಲದ ನಡುವೆ ನೆಟ್ಟಗೆ ಹೋಗಿ, ತಡೆಗೋಡೆಯ ಆಚೆ, ಮರಳು ದಂಡೆಯ ಅಂಚಿನಲ್ಲಿ ಕಡಿದುಹೋಗಿದೆ. ಮುಂದಿನದನ್ನು ಸಮುದ್ರ ತಿಂದಿದೆ. ಅಲ್ಲಿಯ ಜನ ಮೊದಲಿಂದ ವ್ಯವಹಾರ ಬಲ್ಲವರು. ತಮ್ಮ ದೊಡ್ಡ ಚರ್ಚು ನಡೆಸಲು ದುಡ್ಡು ಸಾಲದಾದಾಗ 1672ರಲ್ಲಿ ಅದರ ಚಾವಣಿ ಇಳಿಸಿ, ಆ ಪಾಳುಗೋಡೆಗಳ ಒಳಗೇ ಹುಲ್ಲು ಹೊದಿಸಿದ ಪುಟ್ಟ ಚರ್ಚು ಕಟ್ಟಿಕೊಂಡರು. ಸಮುದ್ರದ ಜತೆ ತಕರಾರು ನಡೆಯದು. ಕಾರು, ಲಾರಿ, ಕೌನ್ಸಿಲ್ಲುಗಳ ಜತೆ ನಡೆಯುತ್ತದೆ.

ಅದಕ್ಕೇ ಇಲ್ಲಿರುವ ಕನ್ನಡಿಗರಿಗೆ ಈ ವಾರದ ಮಾತು. ನಾವು ಈ ದಾರಿಗಳ ಫೋಟೊ ಹಾಕುವುದರಲ್ಲಿ ಮುಂದು, ಪ್ಯಾರಿಷ್ ಸಭೆಯಲ್ಲಿ ಕೂರುವುದರಲ್ಲಿ ಹಿಂದು. ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲದ ಸಂಗತಿಯೊಂದಿದೆ. ಕಾಮನ್‌ವೆಲ್ತ್ ನಾಗರಿಕರಾದ್ದರಿಂದ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ವೀಸಾದ ಮೇಲೆ ಇಲ್ಲಿ ವಾಸವಿರುವ ನಮಗೆ ಸ್ಥಳೀಯ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕುವ ಹಕ್ಕಿದೆ. ಪಟ್ಟಿಗೆ ಹೆಸರು ಸೇರಿಸಬೇಕು, ಅಷ್ಟೇ. ಪ್ಯಾರಿಷ್ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಹೆಚ್ಚಿನ ಕಡೆ ಊರಿನವರು ಮಾತಾಡಲೆಂದೇ ಒಂದಿಷ್ಟು ನಿಮಿಷ ಮೀಸಲಿಡುತ್ತಾರೆ. ಗಲ್ಲಿಯ ವೇಗಮಿತಿ, ಮುಚ್ಚಲಿರುವ ಬಸ್ಸು, ಕೆಸರು ಬಿಟ್ಟ ಟ್ರ್ಯಾಕ್ಟರು, ಎಲ್ಲದರ ಮಾತು ಶುರುವಾಗುವುದು ಅಲ್ಲೇ. ಡನಿಚ್‌ನಲ್ಲಿ ಊರು ಮುಳುಗಿದರೂ ಓಟು ತೇಲುತ್ತಿತ್ತು. ನಮಗೆ ಊರೂ ಇದೆ, ಓಟೂ ಇದೆ, ಪಟ್ಟಿಯಲ್ಲಿ ಹೆಸರು ಮಾತ್ರ ಇಲ್ಲ. ಮುಂದಿನ ಸವಾರಿಗೆ ಟೈರಿನ ಗಾಳಿ ನೋಡುವ ಮುನ್ನ ಅದೊಂದನ್ನು ನೋಡಿಕೊಳ್ಳಿ.